ಎಣ್ಣೆ ಕಂಪನಿಯ ಹಣದಲ್ಲಿ ಪಿಎಚ್.ಡಿ. ಮಾಡಬಹುದೇ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸೇರಿದವು. ಪೆಟ್ರೋಲಿಯಂ ಮತ್ತು ಕಲ್ಲಿದ್ದಲಿನ ಕಂಪನಿಗಳ ಜೊತೆ ವಿಶ್ವವಿದ್ಯಾಲಯಗಳು ಸಂಶೋಧನಾ ಸಂಬಂಧ ಇಟ್ಟುಕೊಳ್ಳಬೇಕೇ, ಕಡಿದುಕೊಳ್ಳಬೇಕೇ? ಕೆಮಿಕಲ್ ಎಂಜಿನಿಯರಿಂಗ್ ಕಲಿಸುತ್ತಲೇ ನಿವೃತ್ತಳಾದ ನನಗೆ ಇದು ದೂರದ ಮಾತಲ್ಲ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಈ ನಾಲ್ಕಕ್ಕೇ ಉತ್ತರ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನಾನು ಮುಂಬಯಿಯ ಒಂದು ಸಂಸ್ಥೆಯಲ್ಲಿ ಡೀಸೆಲ್‌ನಿಂದ ಗಂಧಕ ತೆಗೆಯುವ ಕೆಟಲಿಸ್ಟ್‌ಗಳ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತುಗಳ) ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ನನ್ನ ಫೆಲೋಶಿಪ್ ಬರುವುದು ಒಂದು ತೈಲ ಕಂಪನಿಯ ಪ್ರಾಜೆಕ್ಟಿನಿಂದ. ಇಂಥ ಕಂಪನಿಗಳ ಜೊತೆ ನಮ್ಮ ಸಂಸ್ಥೆ ಎಲ್ಲ ಸಂಬಂಧವನ್ನೂ ಕಡಿದುಕೊಳ್ಳಬೇಕೆಂದು ಗೆಳೆಯರು ಮನವಿ ಬರೆದು ಸಹಿ ಸಂಗ್ರಹಿಸುತ್ತಿದ್ದಾರೆ. ಅವರ ಮಾತು ಸರಿ ಅನಿಸುತ್ತದೆ. ಆದರೆ ಸಹಿ ಹಾಕಿದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗೆ. ಅಪ್ಪ ಹೋಟೆಲಿನಲ್ಲಿ ಕೆಲಸಕ್ಕಿದ್ದಾರೆ, ಮನೆಯಿಂದ ಹಣ ಕೇಳುವಂತಿಲ್ಲ. ಈ ಹಣ ತೆಗೆದುಕೊಳ್ಳುವುದು ತಪ್ಪೇ? — ಹೆಸರು ಬೇಡ, ಮುಲುಂಡ್

ಉತ್ತರ: ತಪ್ಪಲ್ಲ, ಮಗಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿನ್ನ ಪತ್ರದ ಉದ್ದಕ್ಕೂ ಆ ಹೆದರಿಕೆಯೇ ಇದೆ.

ನೀನು ಮಾಡುತ್ತಿರುವ ಕೆಲಸವನ್ನೇ ನೋಡು. ಡೀಸೆಲ್‌ನಿಂದ ಗಂಧಕ ತೆಗೆಯುವ ಕೆಟಲಿಸ್ಟ್ ಎಂದು ಬರೆದಿದ್ದೀಯ. 2020ರ ಏಪ್ರಿಲ್‌ನಲ್ಲಿ ನಮ್ಮ ದೇಶ ವಾಹನಗಳ ಹೊಗೆಯ ಮಾನದಂಡದಲ್ಲಿ ಬಿಎಸ್-4ರಿಂದ ನೇರವಾಗಿ ಬಿಎಸ್-6ಕ್ಕೆ ಜಿಗಿಯಿತು. ಒಂದು ಕಿಲೋ ಇಂಧನದಲ್ಲಿ 50 ಮಿಲಿಗ್ರಾಂ ಇರಬಹುದಾಗಿದ್ದ ಗಂಧಕ 10 ಮಿಲಿಗ್ರಾಂಗೆ ಇಳಿಯಬೇಕಾಯಿತು. ಕೋಬಾಲ್ಟ್, ಮಾಲಿಬ್ಡಿನಂ ಎಂಬ ಲೋಹಗಳನ್ನು ಹಿಡಿದುಕೊಂಡು ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಕೂತವರು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಅಂಧೇರಿಯ ಸಿಗ್ನಲ್ಲಿನಲ್ಲಿ ನಿಂತ ಮಗುವಿನ ಉಸಿರಿಗೆ ಅದರಿಂದ ಉಪಕಾರವಾಗಿದೆ. ರಿಫೈನರಿಯವರು ಬೇಡ ಎಂದು ಈ ಕೆಲಸವನ್ನು ರಿಫೈನರಿಯ ಹೊರಗೆ ಮಾಡಲಿಕ್ಕಾಗುವುದಿಲ್ಲ. ಅವರ ಕಚ್ಚಾ ಎಣ್ಣೆ, ಅವರ ರಿಯಾಕ್ಟರಿನ ಲೆಕ್ಕ, ಅವರ ತೊಂದರೆ ಗೊತ್ತಿಲ್ಲದೆ ಕೆಟಲಿಸ್ಟ್ ಮಾಡುವುದು ಹೇಗೆ?

ಹಾಗಾದರೆ ನಿನ್ನ ಗೆಳೆಯರು ಸುಮ್ಮನೆ ಕೂಗುತ್ತಿದ್ದಾರೆಯೇ? ಇಲ್ಲ. ಅವರ ಮಾತಿನ ಹಿಂದೆ ದೊಡ್ಡ ಚರಿತ್ರೆ ಇದೆ, ಅದು ನಿನಗೆ ಗೊತ್ತಿರಬೇಕು.

1977ರಲ್ಲೇ ಅಮೆರಿಕದ ಎಕ್ಸಾನ್ ಕಂಪನಿಯ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ತನ್ನ ಕಂಪನಿಯ ಹಿರಿಯ ಅಧಿಕಾರಿಗಳ ಮುಂದೆ ನಿಂತು, ಇಂಧನ ಸುಡುವುದರಿಂದ ಭೂಮಿ ಬಿಸಿಯಾಗುತ್ತದೆ ಎಂದು ವಿವರಿಸಿದರು. ಆಮೇಲೆ ಆ ಕಂಪನಿಯ ವಿಜ್ಞಾನಿಗಳೇ ಮಾಡಿದ ಅಂದಾಜುಗಳನ್ನು ಹಾರ್ವರ್ಡ್ ಮತ್ತು ಜರ್ಮನಿಯ ಪಾಟ್ಸ್‌ಡಾಮ್‌ನ ಸಂಶೋಧಕರು ತೆಗೆದು ಪರೀಕ್ಷಿಸಿ 2023ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಅಂದಾಜುಗಳಲ್ಲಿ ಬಹುಪಾಲು ನಿಜವಾಗಿದ್ದವು. ಒಳಗೆ ಇಷ್ಟು ಚೆನ್ನಾಗಿ ಗೊತ್ತಿದ್ದೂ ಕಂಪನಿ ಹೊರಗೆ ಬಹಳ ವರ್ಷ ಹೇಳಿದ್ದು, ಹವಾಮಾನದ ವಿಜ್ಞಾನ ಇನ್ನೂ ಖಚಿತವಾಗಿಲ್ಲ ಎಂದು. ಈ ದಾರಿ ಮೊದಲು ಹಾಕಿಕೊಟ್ಟವರು ಸಿಗರೇಟಿನವರು. 1954ರಲ್ಲಿ ಅಮೆರಿಕದ ತಂಬಾಕು ಕಂಪನಿಗಳು ಸೇರಿ ಒಂದು ಸಂಶೋಧನಾ ಸಮಿತಿಯನ್ನೇ ಕಟ್ಟಿ, ವಿಶ್ವವಿದ್ಯಾಲಯಗಳಿಗೆ ಹಣ ಹಂಚಿ, ಕ್ಯಾನ್ಸರಿನ ಬಗ್ಗೆ ಸಂದೇಹವನ್ನು ದಶಕಗಳ ಕಾಲ ಜೀವಂತವಾಗಿಟ್ಟವು.

ಇಂಥದ್ದನ್ನು ಕಂಡವರು ಸುಮ್ಮನಿರುವುದು ಹೇಗೆ? 2022ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ವಿದ್ವಾಂಸರು ಅಮೆರಿಕ ಮತ್ತು ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಬಹಿರಂಗ ಪತ್ರ ಬರೆದರು. ಆ ಪತ್ರವನ್ನು ನಿನ್ನ ಗೆಳೆಯರು ಇನ್ನೊಮ್ಮೆ ಓದಲಿ. ಎಲ್ಲ ಸಂಬಂಧ ಕಡಿಯಿರಿ ಎಂದು ಅದು ಹೇಳುವುದಿಲ್ಲ. ಹವಾಮಾನ ಬದಲಾವಣೆ, ಪರಿಸರ, ಇಂಧನ ನೀತಿ ಈ ವಿಷಯಗಳ ಸಂಶೋಧನೆಗೆ ಈ ಉದ್ಯಮದ ಹಣ ಬೇಡ ಎನ್ನುತ್ತದೆ. ನನ್ನ ಅಭಿಪ್ರಾಯವೂ ಅದೇ, ಮತ್ತು ನನ್ನ ಮಟ್ಟಿಗೆ ಇಡೀ ಚರ್ಚೆಯ ಜೀವ ಇರುವುದು ಅಲ್ಲಿ. ಉದ್ಯಮದ ತೊಂದರೆ ಪರಿಹರಿಸುವ ಸಂಶೋಧನೆ ಬೇರೆ, ಉದ್ಯಮ ಊರಿಗೆ ಏನು ಮಾಡುತ್ತಿದೆ ಎಂದು ಅಳೆಯುವ ಸಂಶೋಧನೆ ಬೇರೆ. ಮೊದಲನೆಯದಕ್ಕೆ ಅವರು ಹಣ ಕೊಡಲಿ, ಕೊಡಲೇಬೇಕು. ಎರಡನೆಯದಕ್ಕೆ ಅವರ ಒಂದು ರೂಪಾಯಿಯೂ ಬೇಡ.

ಹಣ ಕೊಟ್ಟವರ ಪರವಾಗಿ ಪ್ರಾಧ್ಯಾಪಕರು ಸುಳ್ಳು ಬರೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ನನ್ನ ಸೇವಾವಧಿಯಲ್ಲಿ ಅಂಥವರನ್ನು ಕಂಡಿದ್ದೇ ಇಲ್ಲ ಎನ್ನಬಹುದು. ಕಂಡದ್ದು ಬೇರೆ. ನಮ್ಮ ವಿಭಾಗದ ಒಬ್ಬ ಸಹೋದ್ಯೋಗಿ ಪ್ರಾಯೋಜಿತ ಪ್ರಾಜೆಕ್ಟಿನಲ್ಲಿ ತ್ಯಾಜ್ಯ ನೀರಿನ ಮಾದರಿಗಳನ್ನು ಪರೀಕ್ಷಿಸುತ್ತಿದ್ದರು. ಪ್ರಕಟಿಸುವ ಮುಂಚೆ ಕಂಪನಿಯ ಲಿಖಿತ ಒಪ್ಪಿಗೆ ಬೇಕೆಂಬ ಸಾಲು ಒಪ್ಪಂದದಲ್ಲಿತ್ತು. ಪೇಪರ್ ಸಿದ್ಧವಾಯಿತು, ಕಳಿಸಿದರು. ಬೇಡ ಎಂದು ಕಂಪನಿ ಯಾವತ್ತೂ ಹೇಳಲಿಲ್ಲ. ಇನ್ನೂ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬರುತ್ತಲೇ ಇತ್ತು. ವಿದ್ಯಾರ್ಥಿಯ ಥೀಸಿಸ್ಸಿನ ಗಡುವು ಹತ್ತಿರ ಬಂತು. ಕೊನೆಗೆ ಆ ಅಧ್ಯಾಯವನ್ನು ತೆಗೆದೇ ಥೀಸಿಸ್ ಸಲ್ಲಿಸಿದರು. ಮುಂದಿನ ಪ್ರಾಜೆಕ್ಟ್ ಬರೆಯುವಾಗ ಆ ಸಹೋದ್ಯೋಗಿ ತ್ಯಾಜ್ಯ ನೀರಿನ ಸುದ್ದಿಗೇ ಹೋಗಲಿಲ್ಲ. ಅಲ್ಲಿ ಸುಳ್ಳು ಬರೆದವರು ಯಾರೂ ಇಲ್ಲ. ಒಂದು ಪ್ರಶ್ನೆಯನ್ನು ಕೇಳುವುದು ನಿಂತುಹೋಯಿತು, ಅಷ್ಟೇ. ಅದೇ ನನ್ನನ್ನು ಇವತ್ತಿಗೂ ಕಾಡುತ್ತದೆ.

ನನ್ನದು ಒಂದು ವಿಭಾಗದ ಅನುಭವ. ದೊಡ್ಡ ಪ್ರಮಾಣದಲ್ಲೂ ಇದನ್ನು ನೋಡಿದವರಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ವಿಶ್ವವಿದ್ಯಾಲಯಗಳ ಇಂಧನ ಕೇಂದ್ರಗಳು ಹೊರತಂದ ವರದಿಗಳ ಭಾಷೆಯನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿ 2022ರಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಬರೆದರು. ಈ ಉದ್ಯಮದ ಹಣ ಪಡೆದ ಕೇಂದ್ರಗಳು ನೈಸರ್ಗಿಕ ಅನಿಲದ ಬಗ್ಗೆ ಹೆಚ್ಚು ಒಲವಿನಿಂದ ಬರೆಯುತ್ತಿದ್ದವು.

ಈಗ ನಮ್ಮ ಊರಿಗೆ ಬಾ. ಟ್ರಾಂಬೆಯ ರಿಫೈನರಿಗಳ ಮಗ್ಗುಲಲ್ಲಿ ಮಾಹುಲ್ ಇದೆ, ಕೋಲಿ ಸಮುದಾಯದ ಮೀನುಗಾರರ ಹಳೆಯ ಗ್ರಾಮ. ನಮ್ಮ ಚೆಂಬೂರಿನಿಂದ ಬಹಳ ದೂರವೇನಲ್ಲ. ಅಲ್ಲಿನ ಗಾಳಿಯ ಬಗ್ಗೆ ಜನ ದೂರಿದಾಗ ಅವರ ಮಾತಿಗೆ ಬಲ ಬಂದದ್ದು ಪರೇಲಿನ ಕೆಇಎಂ ಆಸ್ಪತ್ರೆಯ ವೈದ್ಯರು ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯಿಂದ. ಕೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಸಿರಾಟದ ತೊಂದರೆ ಹೇಳಿಕೊಂಡಿದ್ದರು. 2015ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಸಮೀಕ್ಷೆಯನ್ನು ಆಧಾರವಾಗಿ ಇಟ್ಟುಕೊಂಡು, ಜನರ ಆರೋಗ್ಯಕ್ಕೆ ಅಪಾಯವಿದೆ ಎಂದು ಒಪ್ಪಿಕೊಂಡಿತು. ಕೆಇಎಂ ಮಹಾನಗರಪಾಲಿಕೆಯ ಆಸ್ಪತ್ರೆ. ನಮ್ಮ ನಿಮ್ಮ ತೆರಿಗೆಯಲ್ಲಿ ನಡೆಯುತ್ತದೆ. ಅದೇ ಸಮೀಕ್ಷೆಯನ್ನು ಸುತ್ತಲಿನ ಯಾವುದಾದರೂ ಕಾರ್ಖಾನೆಯ ಹಣದಲ್ಲಿ ಮಾಡಿಸಿದ್ದರೆ ಮಾಹುಲ್‌ನ ಜನ ಅದನ್ನು ನಂಬುತ್ತಿದ್ದರೇ? ಫಲಿತಾಂಶ ಅಕ್ಷರಶಃ ಅದೇ ಬಂದಿದ್ದರೂ ನಂಬಿಕೆ ಬರುತ್ತಿರಲಿಲ್ಲ.

ಇನ್ನೊಂದು ಮಾತು. ಅಮೆರಿಕದ ಮನವಿಯನ್ನು ಹಾಗೆಯೇ ಎತ್ತಿ ಇಲ್ಲಿ ಹಾಕಿದರೆ ಹೊಂದುವುದಿಲ್ಲ. ಅಲ್ಲಿ ಎಕ್ಸಾನ್ ಖಾಸಗಿ. ಇಲ್ಲಿ ಒಎನ್‌ಜಿಸಿ, ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಕೋಲ್ ಇಂಡಿಯಾ ಎಲ್ಲದರಲ್ಲೂ ಹೆಚ್ಚಿನ ಪಾಲು ಸರ್ಕಾರದ್ದು. ವಿಶ್ವವಿದ್ಯಾಲಯ ನಡೆಸುವುದೂ ಸರ್ಕಾರ. ಮಾಟುಂಗಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಹಳಬರ ಬಾಯಲ್ಲಿ ಯುಡಿಸಿಟಿ, ಭುವನೇಶ್ವರದಲ್ಲಿ ತೆರೆದ ಕ್ಯಾಂಪಸ್ಸಿಗೆ ಇಂಡಿಯನ್ ಆಯಿಲ್‌ನ ಹೆಸರೇ ಇದೆ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಸುಮಾರು 0.64 ಶೇಕಡ. 2023ರ ಕಾಯ್ದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದರು. ಅದರಲ್ಲಿ ಸುಮಾರು 36,000 ಕೋಟಿ ಸರ್ಕಾರದ ಬೊಕ್ಕಸದ ಹೊರಗಿನಿಂದ, ಉದ್ಯಮಗಳಿಂದ ಮತ್ತು ದಾನಿಗಳಿಂದ ಬರಬೇಕೆಂಬ ಲೆಕ್ಕ. ಇಂಥ ಹೊತ್ತಿನಲ್ಲಿ ಎಲ್ಲವನ್ನೂ ಕಡಿಯಿರಿ ಎಂದರೆ ಕಡಿದುಹೋಗುವುದು ನಿನ್ನಂಥವರ ಫೆಲೋಶಿಪ್ಪೇ. ಶ್ರೀಮಂತರ ಮನೆಯ ಮಕ್ಕಳು ಹೇಗೋ ಓದಿಕೊಳ್ಳುತ್ತಾರೆ.

ಆದ್ದರಿಂದ ಗೆಳೆಯರ ಹತ್ತಿರ ಹೋಗಿ, ಮನವಿಯ ಒಕ್ಕಣೆ ಬದಲಿಸಿ ಎಂದು ಕೇಳು. ಹವಾಮಾನ, ಆರೋಗ್ಯ, ಪರಿಸರ, ನೀತಿ ಈ ನಾಲ್ಕರಲ್ಲಿ ಕಂಪನಿಯ ಹಣ ಬೇಡ. ಉಳಿದ ಕಡೆ ಒಪ್ಪಂದಗಳು ಬಹಿರಂಗವಾಗಲಿ, ಪ್ರಕಟಣೆಗೆ ತಡೆ ಹಾಕುವ ಸಾಲು ಇರಬಾರದು. ಬದಲಿಸಿದರೆ ಧೈರ್ಯವಾಗಿ ಸಹಿ ಹಾಕು. ಬದಲಿಸದಿದ್ದರೆ ನಿನ್ನ ಹೆಸರಿನಲ್ಲೇ ಬೇರೆ ಪತ್ರ ಬರೆ. ನಿನ್ನ ಗೈಡ್ ಬಳಿ ಪ್ರಾಜೆಕ್ಟಿನ ಒಪ್ಪಂದ ಕೇಳಿ ಈ ವಾರವೇ ಓದು. ಪ್ರಕಟಣೆಗೆ ಕಂಪನಿಯ ಒಪ್ಪಿಗೆ ಬೇಕೆಂದಿದ್ದರೆ ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಎಂಬುದೂ ಅದರಲ್ಲಿ ಇರಬೇಕು. ಇಲ್ಲದಿದ್ದರೆ ಈಗಲೇ ಸೇರಿಸಲು ಹೇಳು. ಥೀಸಿಸ್ ಬರೆಯುವ ವರ್ಷದಲ್ಲಿ ಹೇಳಿ ಪ್ರಯೋಜನವಿಲ್ಲ.

ಪ್ರಶ್ನೆ: ನಾನು ತೈಲ ಕಂಪನಿಯೊಂದರ ನಿವೃತ್ತ ಎಂಜಿನಿಯರ್. ಮುಂಬೈ ಹೈನಲ್ಲಿ ಸಮುದ್ರದ ನಡುವೆ ಪಾಳಿ ಮಾಡಿದವನು. ಈ ದೇಶಕ್ಕೆ ಎಣ್ಣೆ ಬೇಕೆಂದಾಗ ನಾವು ಬೇಕಿದ್ದೆವು. ಈಗ ನಮ್ಮ ಹಣವೇ ಮೈಲಿಗೆ ಎನ್ನುವ ಹುಡುಗರು ಅದೇ ಎಣ್ಣೆಯ ಬಸ್ಸಿನಲ್ಲಿ ಬಂದು ಘೋಷಣೆ ಕೂಗುತ್ತಾರೆ. ನೀವು ಏನನ್ನುತ್ತೀರಿ ಮೇಡಂ? — ಓದುಗ, ಕೋಥ್ರೂಡ್, ಪುಣೆ

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ ಸರ್. 1974ರಲ್ಲಿ ಸಾಗರ್ ಸಮ್ರಾಟ್ ಎಂಬ ತೈಲ ಕೊರೆಯುವ ರಿಗ್ ಮುಂಬೈ ಹೈನಲ್ಲಿ ಎಣ್ಣೆ ಕಂಡಾಗ ಈ ದೇಶ ಎಷ್ಟು ಕಷ್ಟದಲ್ಲಿತ್ತು ಎಂದು ನನ್ನ ವಯಸ್ಸಿನವರಿಗೆ ನೆನಪಿದೆ. ಹಿಂದಿನ ವರ್ಷವಷ್ಟೇ ಅರಬ್ ದೇಶಗಳು ಎಣ್ಣೆಗೆ ತಡೆ ಹಾಕಿ ಬೆಲೆ ಆಕಾಶಕ್ಕೇರಿತ್ತು. ಸಮುದ್ರದ ಮೇಲೆ ದುಡಿದವರಿಗೆ ಈ ನಗರ ಋಣಿ. ಅದರ ಬಗ್ಗೆ ಯಾವ ವಿದ್ಯಾರ್ಥಿಯೂ ಹಗುರಾಗಿ ಮಾತಾಡಬಾರದು. ಎಕ್ಸಾನ್‌ನಲ್ಲೂ ಸತ್ಯ ಹೇಳಿದವರು ನಿಮ್ಮ ಹಾಗೆ ಒಳಗೆ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳೇ. ಅವರ ಮಾತನ್ನು ಮೇಲಿನವರು ಬದಿಗೆ ಸರಿಸಿದರು.

ಆದರೆ ನೀವು ಪಾಳಿ ಮಾಡಿದ ಅದೇ ಕಡಲಿನ ಮಾತು ಹೇಳುತ್ತೇನೆ. 2021ರ ಮೇ 17ರಂದು ತೌಕ್ತೆ ಚಂಡಮಾರುತದಲ್ಲಿ ಮುಂಬೈ ಹೈ ಬಳಿ ಕಾರ್ಮಿಕರು ತಂಗಿದ್ದ ಪಿ-305 ಎಂಬ ಬಾರ್ಜ್ ಮುಳುಗಿತು. 70ಕ್ಕೂ ಹೆಚ್ಚು ಕಾರ್ಮಿಕರು ತೀರಿಕೊಂಡರು. ಅರಬ್ಬಿ ಸಮುದ್ರ ಹಿಂದೆ ಇಷ್ಟು ಕೆರಳುತ್ತಿರಲಿಲ್ಲ. ನಿಮ್ಮ ಪುಣೆಯ ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಅದೇ ವರ್ಷ ತೋರಿಸಿದ್ದು ಏನೆಂದರೆ, 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಈ ಸಮುದ್ರದಲ್ಲಿ ಚಂಡಮಾರುತಗಳು ಅರ್ಧದಷ್ಟು ಹೆಚ್ಚಾಗಿವೆ. ಸಮುದ್ರ ಬಿಸಿಯಾಗುತ್ತಿರುವುದು ಕಾರಣ. ಆ ಸಂಸ್ಥೆ ನಡೆಯುವುದು ಸಾರ್ವಜನಿಕ ಹಣದಲ್ಲಿ. ಪ್ಲಾಟ್‌ಫಾರ್ಮಿನ ಮೇಲಿರುವ ನಿಮ್ಮ ಕಿರಿಯರ ಜೀವವೂ ಈಗ ಅಂಥ ವಿಜ್ಞಾನದ ಕೈಯಲ್ಲಿದೆ. ಆ ವಿಜ್ಞಾನ ಯಾರ ಮುಲಾಜೂ ಇಲ್ಲದೆ ಮಾತಾಡಬೇಕು ಎಂದು ನಾನು ಹಠ ಹಿಡಿಯುವುದು ಅವರಿಗಾಗಿ ಕೂಡ.

ಹುಡುಗರು ಬಸ್ಸಿನಲ್ಲಿ ಬರುತ್ತಾರೆ, ನಿಜ. ಬೇರೆ ಬಸ್ಸು ಅವರಿಗೆ ಇನ್ನೂ ಸಿಕ್ಕಿಲ್ಲ. ಅದನ್ನು ಕೇಳುವ ಹಕ್ಕು ಅವರಿಗಿದೆ. ಇನ್ನು ಹಣದ ಮಾತು. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಕಲ್ಲಿದ್ದಲು ಮತ್ತು ಎಣ್ಣೆಯ 90 ಕಂಪನಿಗಳಿಂದ ದೂರ ಸರಿಯಿತು, ಎಕ್ಸಾನ್ ಅದರಲ್ಲಿ ಒಂದು. ಹಾಗೆ ಮಾಡುವಾಗ, ಕೈತಪ್ಪುವ ಸಂಶೋಧನಾ ಹಣಕ್ಕೆ ಬದಲಾಗಿ ತನ್ನದೇ ಒಂದು ನಿಧಿಯನ್ನು ಇಡುವುದಾಗಿ ಘೋಷಿಸಿತು. ಆ ಎರಡನೆಯ ಭಾಗವನ್ನು ಎಲ್ಲರೂ ಮರೆಯುತ್ತಾರೆ. ನಮ್ಮಲ್ಲಿ ಅಷ್ಟು ಗಂಟಿರುವ ವಿಶ್ವವಿದ್ಯಾಲಯ ಯಾವುದು? ನಿಮ್ಮಂಥ ನಿವೃತ್ತರು ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಈ ನಿಧಿಯ ಮಾತು ಎತ್ತಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿಗೆ ಕಲ್ಲಿದ್ದಲು ವ್ಯವಹಾರದ ಒಂದು ಕಂಪನಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಪ್ರಯೋಗಾಲಯ ಕಟ್ಟಿಸಿಕೊಡುತ್ತೇನೆ ಎನ್ನುತ್ತಿದೆ. ಬಾಗಿಲ ಮೇಲೆ ಅವರ ಹೆಸರು ಇರಬೇಕಂತೆ. ಒಪ್ಪಬಹುದೇ? — ಉಪನ್ಯಾಸಕ, ಡೊಂಬಿವಿಲಿ

ಉತ್ತರ: ಕಂಪನಿ ಕಾಯ್ದೆ 2013ರ ಪ್ರಕಾರ ಲಾಭ ಮಾಡುವ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ 2 ಶೇಕಡವನ್ನು ಸಮಾಜಕ್ಕಾಗಿ ಖರ್ಚು ಮಾಡಲೇಬೇಕು. ಅದು ಅವರ ಔದಾರ್ಯವಲ್ಲ, ಕಾನೂನು. ಹಾಗಾಗಿ ಕೈಮುಗಿದು ನಿಲ್ಲುವ ಅಗತ್ಯವಿಲ್ಲ. ನಮ್ಮ ಮುಂಬಯಿಯ ಕನ್ನಡ ಸಂಘಗಳಲ್ಲಿ ದತ್ತಿ ಉಪನ್ಯಾಸಗಳು ಹೇಗೆ ನಡೆಯುತ್ತವೆ ನೋಡಿ. ದತ್ತಿ ಇಟ್ಟವರ ಹೆಸರು ಆಮಂತ್ರಣದಲ್ಲಿರುತ್ತದೆ, ಅವರ ಮನೆಯವರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ವಿದ್ವಾಂಸರು ಏನು ಮಾತಾಡಬೇಕೆಂದು ಅವರು ಹೇಳುವುದಿಲ್ಲ. ಅದೇ ಷರತ್ತಿನಲ್ಲಿ ಪ್ರಯೋಗಾಲಯ ಕಟ್ಟಿಸಿಕೊಳ್ಳಿ. ಯಾವ ಪ್ರಾಜೆಕ್ಟ್ ನಡೆಯಬೇಕು, ಯಾರನ್ನು ನೇಮಿಸಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಅವರಿಗೆ ಕುರ್ಚಿ ಬೇಡ. ಒಪ್ಪಂದವನ್ನು ಕಾಲೇಜಿನ ವೆಬ್‌ಸೈಟಿನಲ್ಲಿ ಪೂರ್ತಿ ಹಾಕಿ. ಹಾಕಲು ಅವರು ಒಪ್ಪದಿದ್ದರೆ ಉತ್ತರ ನಿಮಗೇ ಸಿಕ್ಕಿತು. ಹೆಸರಿನ ಬಗ್ಗೆ ಮಾತ್ರ ನನಗೆ ಒಂದು ಅಳುಕು: ಪರಿಸರ ವಿಜ್ಞಾನದ ಪ್ರಯೋಗಾಲಯಕ್ಕೆ ಆ ಹೆಸರು ಬೇಡ. ಭೌತಶಾಸ್ತ್ರದ್ದಕ್ಕೆ ಇದ್ದರೆ ಇರಲಿ.

ಪ್ರಶ್ನೆ: ಅಕ್ಕಾರ, ನಾವು ಬಾಗಲಕೋಟಿ ಕಡೆಯವ್ರು, ವಾಸ್ಕೋದಾಗ ಇರ್ತೀವಿ. ಕಲ್ಲಿದ್ದಲಿ ಧೂಳಿನಿಂದ ಒಣಹಾಕಿದ ಅರಬಿ ಕರ್ರಗ ಆಗ್ತಾವ್ರಿ, ಸಣ್ಣ ಹುಡುಗರು ಕೆಮ್ಮೂದು ನಿಲ್ಲಂಗಿಲ್ಲ. ಯಾವುದೋ ದೊಡ್ಡ ಕಾಲೇಜಿನವ್ರು ಮಷಿನ್ ತಂದು ಗಾಳಿ ಅಳದು ಹೋದ್ರು. ರೊಕ್ಕಾ ಕೊಟ್ಟಾವ್ರು ಕಂಪನಿಯವ್ರಂತ. ಅಂಥಾ ರಿಪೋರ್ಟು ನಂಬಬೇಕೇನ್ರಿ? — ಒಬ್ಬ ತಾಯಿ, ವಾಸ್ಕೊ

ಉತ್ತರ: ತಂಗಿ, ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರಿನ್ಸ್‌ಟನ್ನಿನ ವಾದ ನಮಗೆ ಬೇಕಾಗುವುದು ಕೊನೆಗೆ ನಿಮ್ಮ ಮನೆಯ ಬಾಗಿಲಲ್ಲಿ.

ನಿಮ್ಮ ಊರಿನ ಬಂದರಿಗೆ ಹಡಗಿನಲ್ಲಿ ಬರುವ ಕಲ್ಲಿದ್ದಲು ರೈಲು ಹತ್ತಿ, ಮೊಲೆಮ್ ಕಾಡು ದಾಟಿ, ಕ್ಯಾಸಲ್‌ರಾಕ್ ಘಟ್ಟ ಏರಿ ನಮ್ಮ ಬಳ್ಳಾರಿ ಕಡೆಯ ಉಕ್ಕಿನ ಕುಲುಮೆಗಳಿಗೆ ಹೋಗುತ್ತದೆ. ಉಕ್ಕು ಕರ್ನಾಟಕದಲ್ಲಿ, ಧೂಳು ಗೋವಾದಲ್ಲಿ. ಆ ಧೂಳನ್ನು ಉಸಿರಾಡುವವರಲ್ಲಿ ಬಾಗಲಕೋಟೆಯಿಂದ ದುಡಿಯಲು ಬಂದ ನಿಮ್ಮಂಥ ಮನೆಯವರು ಎಷ್ಟೋ ಜನ. ಗೋವಾದವರು 2020ರಲ್ಲಿ ಮೊಲೆಮ್ ಕಾಡಿನ ಉಳಿವಿಗಾಗಿ ಬೀದಿಗಿಳಿದಾಗ ಕನ್ನಡದ ಪತ್ರಿಕೆಗಳು ಇದನ್ನು ಇನ್ನಷ್ಟು ಬರೆಯಬೇಕಿತ್ತು ಎಂದು ನನಗೆ ಅನಿಸುತ್ತದೆ.

ನಮ್ಮ ದೇಶದ 2006ರ ಪರಿಸರ ನಿಯಮದಲ್ಲಿ ಒಂದು ದೊಡ್ಡ ಊನ ಇದೆ. ಹೊಸ ಯೋಜನೆ ತರುವ ಕಂಪನಿಯೇ ಅದರ ಪರಿಣಾಮ ಅಳೆಯುವವರನ್ನು ಗೊತ್ತು ಮಾಡಿ, ಅವರಿಗೆ ಹಣ ಕೊಡುತ್ತದೆ. ಖಾಸಗಿ ಸಲಹೆಗಾರರ ಜೊತೆಗೆ ವಿದ್ಯಾಸಂಸ್ಥೆಗಳು, ರಾಷ್ಟ್ರೀಯ ಪ್ರಯೋಗಾಲಯಗಳು ಕೂಡ ಇಂಥ ಕೆಲಸ ತೆಗೆದುಕೊಳ್ಳುತ್ತವೆ. ನಮ್ಮ ವಿಶ್ವವಿದ್ಯಾಲಯಗಳು ಮೊದಲು ಕಡಿಯಬೇಕಾದ ಸಂಬಂಧ ಇದು. ಕಂಪನಿಯಿಂದ ಶುಲ್ಕ ವಸೂಲಿ ಮಾಡಲಿ, ಆದರೆ ಅದು ಒಂದು ಸಾರ್ವಜನಿಕ ನಿಧಿಗೆ ಹೋಗಲಿ. ಯಾರು ಅಳೆಯಬೇಕೆಂದು ಆ ನಿಧಿ ನಡೆಸುವವರು ತೀರ್ಮಾನಿಸಲಿ.

ಅದು ಆಗುವ ತನಕ ಏನು ಮಾಡುವುದು? ರಿಪೋರ್ಟನ್ನು ಸುಮ್ಮನೆ ನಂಬಲೂ ಬೇಡಿ, ಸುಮ್ಮನೆ ಹರಿದು ಹಾಕಲೂ ಬೇಡಿ. ಮಷಿನ್ ಎಲ್ಲಿ ಇಟ್ಟಿದ್ದರು, ಯಾವ ತಿಂಗಳು ಇಟ್ಟಿದ್ದರು ಎಂದು ನೋಡಬೇಕು. ಮಳೆಗಾಲದಲ್ಲಿ ಅಳೆದರೆ ಧೂಳು ಕಡಿಮೆಯೇ ಬರುತ್ತದೆ. ಗಾಳಿ ಬೀಸುವ ದಿಕ್ಕಿಗೆ ವಿರುದ್ಧವಾಗಿ ಇಟ್ಟರೂ ಹಾಗೆಯೇ. ಪಿಎಂ10 ಎಂಬ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೊಗ್ರಾಂ ದಾಟಬಾರದು, ಇನ್ನೂ ಸಣ್ಣದಾದ ಪಿಎಂ2.5 60 ದಾಟಬಾರದು ಎಂಬುದು ನಮ್ಮ ದೇಶದ ಮಿತಿ. ಯೋಜನೆ ಹೊಸದಾಗಿದ್ದರೆ ಸಾಮಾನ್ಯವಾಗಿ ಸಾರ್ವಜನಿಕ ವಿಚಾರಣೆ ಇರುತ್ತದೆ, 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಅಲ್ಲಿನ ಭಾಷೆಯಲ್ಲಿ ಸಿಗುತ್ತದೆ. ಕನ್ನಡದಲ್ಲಿ ಸಿಗಲಿಕ್ಕಿಲ್ಲ, ಓಣಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಿ. ವಿಚಾರಣೆಯಲ್ಲಿ ನಿಮ್ಮ ಮಾತು ದಾಖಲಾಗಲೇಬೇಕು.

ಈಗಾಗಲೇ ಅಳೆದು ಹೋದ ರಿಪೋರ್ಟಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಗೋವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು, ಅಳೆದವರದು ಸರ್ಕಾರಿ ಸಂಸ್ಥೆಯಾದರೆ ಅವರಿಗೂ ಒಂದು. ಅರ್ಜಿಯಲ್ಲಿ ಹೀಗೆ ಕೇಳಿ: ವರದಿಯ ಪ್ರತಿ, ಪ್ರತಿದಿನ ಅಳೆದ ಅಂಕಿಗಳು, ಮಷಿನ್ ಇಟ್ಟ ಜಾಗಗಳ ನಕ್ಷೆ, ಹಣ ಕೊಟ್ಟವರ ಜೊತೆಗಿನ ಒಪ್ಪಂದದ ಪ್ರತಿ. ವ್ಯಾಪಾರದ ಗುಟ್ಟು ಎಂದು ಕೊನೆಯದನ್ನು ನಿರಾಕರಿಸಬಹುದು. ಆಗ 30 ದಿನದೊಳಗೆ ಮೇಲ್ಮನವಿ ಹಾಕಿ, ಕಾಯ್ದೆಯ 8(1)(ಡಿ) ಕಲಮಿನಲ್ಲೇ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬೇಕೆಂದಿದೆ ಎಂದು ಬರೆಯಿರಿ. ಮಕ್ಕಳ ಕೆಮ್ಮಿಗೆ ತೋರಿಸಿದ ಡಾಕ್ಟರ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಇಟ್ಟುಕೊಳ್ಳಿ. ಅಂಕಿಗಳು ಕೈಗೆ ಬಂದ ಮೇಲೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ನಾನು ಓದಿ ನಿಮಗೆ ಕನ್ನಡದಲ್ಲಿ ಬರೆದು ತಿಳಿಸುತ್ತೇನೆ.